ಹೊಂಗೆಮ್ಮನ ಗುಳಿಗೆ

ನೆನೆಸಿದ ಅವರೆಕಾಳು ಹೆಬ್ಬೆರಳಿನ ಒತ್ತಿಗೆ ಪಟಕ್ಕನೆ ಸಿಪ್ಪೆ ಬಿಟ್ಟು ಹಾರಿತು. ಬೋಗುಣಿಗೆ ಬೀಳಬೇಕಾದದ್ದು ಎದುರಿಗೆ ಕಾಲು ಚಾಚಿ ಕೂತಿದ್ದ ಅತ್ತೆಯ ಮಡಿಲಿಗೆ ಬಿತ್ತು.

"ಕಾಳ್ ನೋಡ್ಕಂಡು ಹಿದುಕವ್ವ," ಎಂದರು ಚೆನ್ನಾಜಮ್ಮ. "ಆ ಫೋನು ನೋಡ್ತಾ ಕೂತ್ರೆ ಸಾರಿಗೆ ಬೇಳೆ ಎಲ್ಲಿಂದ ಬತ್ತದೆ?"

ದಾಕ್ಷಾಯಿಣಿ ನಕ್ಕು ಫೋನನ್ನು ಮಗುಚಿ ಇಟ್ಟಳು. ಇಟ್ಟ ಮೇಲೂ ಅವಳ ಕಣ್ಣು ಅತ್ತಲೇ ಎಳೆಯುತ್ತಿತ್ತು. ಸಂಜೆಯ ಈ ಹೊತ್ತಿಗೆ ಹೊಂಗೆಮ್ಮನ ಲೆಕ್ಕ ಬರುತ್ತದೆ. ರಕ್ತದಲ್ಲಿ ಉಪ್ಪೆಷ್ಟು, ಸಕ್ಕರೆ ಎಷ್ಟು, ಗುಳಿಗೆಯ ಅಂಶ ಎಷ್ಟು ಎಂದು ಸಾಲಾಗಿ ಬರುತ್ತದೆ. ಒಂದು ತಿಂಗಳಿಂದ ಆ ಸಾಲಿನಲ್ಲಿ ಒಂದೇ ಒಂದು ಅಂಕಿ ಹಟ ಹಿಡಿದು ಕೂತಿತ್ತು.

"ಏನಂತೆ ನಿನ್ ಹೊಂಗೆಮ್ಮಂಗೆ?"

"ಏರ್ತಾ ಇಲ್ಲ ಅತ್ತೆ. ಅರ್ಧಕ್ಕೇ ನಿಂತದೆ."

"ಅರ್ಧ ಆದ್ರೂ ಅದಲ್ಲ, ಬುಡು," ಎಂದು ಚೆನ್ನಾಜಮ್ಮ ಮಡಿಲಲ್ಲಿ ಬಿದ್ದ ಕಾಳನ್ನು ಬೋಗುಣಿಗೆ ಹಾಕಿದರು. "ನಲವತ್ತಾರು ವರ್ಸದ ಹೆಂಗ್ಸು ಪರೀಕ್ಸೆ ಪರೀಕ್ಸೆ ಅಂತ ಒದ್ದಾಡ್ತೀಯಲ್ಲ, ನಿನ್ ಜೊತೇಲಿ ಓದಿದೋರು ಆಗ್ಲೇ ಬೀಗಿತ್ತೀರಾಗವ್ರೆ."

ಹೊಂಗೆಮ್ಮ ಅಂದರೆ ನೆಂಟರಲ್ಲ, ನೆರೆಯವರೂ ಅಲ್ಲ. ಆಕೆ ಒಂದು ನೆರಳು.

ಹೃದಯಕ್ಕೊಬ್ಬ, ಕಣ್ಣಿಗೊಬ್ಬ, ಮೂಳೆಗೊಬ್ಬ ಎಂದು ವೈದ್ಯರು ಪಾಲಾದ ಹಾಗೆ ಔಷಧಿ ಕೊಡುವವರೂ ಈಗ ಪಾಲಾಗಿದ್ದರು. ಬರೀ ಚೀಟಿ ನೋಡಿ ಗುಳಿಗೆ ಎಣಿಸಿ ಕೊಡುವ ಕೆಲಸವನ್ನು ಯಂತ್ರಗಳೇ ಮಾಡುತ್ತಿದ್ದವು. ಮನುಷ್ಯರಿಗೆ ಉಳಿದದ್ದು ಕಷ್ಟದ ಕೆಲಸ. ಹತ್ತು ತರಹದ ಗುಳಿಗೆ ನುಂಗುವ ಮುದುಕರ ಹೊಟ್ಟೆಯಲ್ಲಿ ಯಾವುದು ಯಾವುದರ ಜೊತೆ ಜಗಳ ಆಡುತ್ತದೆ, ಯಾವುದನ್ನು ಇಳಿಸಬೇಕು, ಯಾವುದನ್ನು ಏರಿಸಬೇಕು ಎಂದು ಹೇಳುವ ಕೆಲಸ ಅದು. ಆ ಅಧಿಕಾರ ಬೇಕಾದರೆ ವಿಶೇಷ ಔಷಧಜ್ಞರ ಮಂಡಳಿಯ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಬರೆಯುವುದು ಕಾಗದದ ಮೇಲಲ್ಲ, ಒಂದು ದೇಹದ ಮೇಲೆ.

ದೇಹ ಅಂದರೆ ಜೀವಂತ ದೇಹವೂ ಅಲ್ಲ. ನಾಡಿನ ಯಾವುದೋ ಮೂಲೆಯಲ್ಲಿ ಒಬ್ಬರು ಒಪ್ಪಿಕೊಂಡು ತೋಳಿಗೆ ಒಂದು ಬಿಲ್ಲೆ ಅಂಟಿಸಿಕೊಂಡಿರುತ್ತಾರೆ. ಕಾಸಿನಗಲದ ಬಿಲ್ಲೆ. ಅದು ಚರ್ಮದ ಕೆಳಗಿನ ಸುದ್ದಿಯನ್ನೆಲ್ಲ ಮೈಸೂರಿನ ಯಂತ್ರಕ್ಕೆ ಕಳಿಸುತ್ತದೆ. ಯಂತ್ರ ಆ ಸುದ್ದಿಯಿಂದ ಅದೇ ದೇಹದ ಪಡಿಯಚ್ಚು ಒಂದನ್ನು ಅಂಕಿಗಳಲ್ಲಿ ಕಟ್ಟುತ್ತದೆ. ಅದಕ್ಕೆ ನೆರಳು ಎಂದು ಹೆಸರು. ಪರೀಕ್ಷೆಗೆ ಕೂತವರು ಗುಳಿಗೆ ಬದಲಿಸುವುದು ಮೊದಲು ನೆರಳಿಗೆ. ನೆರಳು ತಾಳಿಕೊಂಡರೆ, ಮಂಡಳಿ ಒಪ್ಪಿದರೆ, ಆ ಸಲಹೆ ನಿಜವಾದ ದೇಹದ ವೈದ್ಯರಿಗೆ ಹೋಗುತ್ತದೆ. ನೆರಳಿನ ಒಡೆಯರ ಹೆಸರು, ಊರು, ಜಾತಿ, ಮನೆ ಯಾವುದೂ ಪರೀಕ್ಷೆಯವರಿಗೆ ಗೊತ್ತಾಗಕೂಡದು, ಮಾತಂತೂ ಆಡಲೇಕೂಡದು. ಅದಕ್ಕೇ ನೆರಳುಗಳಿಗೆ ಮರದ ಹೆಸರು ಇಡುತ್ತಿದ್ದರು. ಒಬ್ಬರಿಗೆ ಬೇವು, ಒಬ್ಬರಿಗೆ ನೇರಳೆ. ದಾಕ್ಷಾಯಿಣಿಯ ಪಾಲಿಗೆ ಬಂದದ್ದು ಹೊಂಗೆ. ಅರವತ್ತು ದಾಟಿದ ಹೆಂಗಸು, ಹೃದಯದ ಕವಾಟ ಬದಲಿಸಿದೆ, ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ ನುಂಗಬೇಕು. ಅಷ್ಟೇ ಗೊತ್ತಿದ್ದದ್ದು. 'ಹೊಂಗೆ' ಎಂದು ಬರೀ ಮರದ ಹೆಸರಿನಿಂದ ಕರೆಯಲು ಬಾಯಿ ಬಾರದೆ ಅವಳು ಹೊಂಗೆಮ್ಮ ಎಂದಳು. ಮನೆಯಲ್ಲೂ ಅದೇ ಹೆಸರು ನಿಂತಿತು.

ದಾಕ್ಷಾಯಿಣಿ ಕೆಲಸಕ್ಕಿದ್ದ ಕೊಳ್ಳೇಗಾಲದ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ವಿಭಾಗದ ಪಕ್ಕ ಒಂದು ಕೋಣೆಗೆ ಸುಣ್ಣ ಬಳಿದು, 'ಹಿರಿಯರ ಔಷಧ ಸಲಹಾ ಕೊಠಡಿ' ಎಂದು ಬೋರ್ಡು ತೂಗುಹಾಕಿ ಎರಡು ವರ್ಷವಾಗಿತ್ತು. ಒಳಗೆ ಕೂರಲು ಮಂಡಳಿಯ ಪತ್ರ ಇರುವವರು ಯಾರೂ ಇಲ್ಲದೆ ಅದರಲ್ಲಿ ಮುರಿದ ಕುರ್ಚಿ ತುಂಬಿದ್ದರು. ಬೆಟ್ಟದ ಕೆಳಗಿನ ಊರುಗಳ ಮುದುಕರು ಗುಳಿಗೆ ಸರಿಮಾಡಿಸಿಕೊಳ್ಳಲು ಮೂರು ಬಸ್ಸು ಹತ್ತಿಳಿದು ಮೈಸೂರಿಗೆ ಹೋಗುತ್ತಿದ್ದರು. ಹೋಗಲಾರದವರು ಹೋಗುತ್ತಿರಲಿಲ್ಲ. ಆ ಕುರ್ಚಿಗಳನ್ನು ಹೊರಗೆ ಹಾಕಿಸಬೇಕು ಎನ್ನುವುದೇ ದಾಕ್ಷಾಯಿಣಿಯ ಆಸೆ. ಹೋದ ಸಲ ಬೇವಿನ ಪರೀಕ್ಷೆಯಲ್ಲಿ ಸಕ್ಕರೆ ಲೆಕ್ಕ ತಪ್ಪಿತ್ತು. ಮಂಡಳಿ ಕೊಡುವುದು ಎರಡೇ ಅವಕಾಶ. ಇದು ಎರಡನೆಯದು.

*

ಮೈಸೂರಿನ ಪರೀಕ್ಷಾ ಕೇಂದ್ರದಲ್ಲಿ ನೆರಳಿನ ಕೋಣೆಗಳು ಗಾಜಿನವು. ತಿಂಗಳಿಗೊಮ್ಮೆ ಅಲ್ಲಿ ಹೋಗಿ ಕೂರಬೇಕು. ಮೇಜಿನ ಮೇಲೆ ಬೆಳಕಿನಲ್ಲಿ ಬರೆದ ಹಾಗೆ ಒಂದು ಹೆಣ್ಣಿನ ಆಕೃತಿ ಮಲಗಿರುತ್ತದೆ. ಮುಖವಿಲ್ಲ. ಯಕೃತ್ತು, ಮೂತ್ರಪಿಂಡ, ಹೃದಯ ಮಾತ್ರ ಮಿಣುಕುತ್ತಿರುತ್ತವೆ.

ಮೇಲ್ವಿಚಾರಕರು ನಜೀರ್ ಷರೀಫ್ ಎಂಬ ಹಿರಿಯ ಔಷಧಜ್ಞರು. ಮಂಡಳಿಯ ಮೊದಲ ತಂಡದಲ್ಲಿ ಪಾಸಾದವರು, ಮೃದು ಮಾತಿನವರು.

"ಯಂತ್ರ ಏನು ಹೇಳುತ್ತೆ ನೋಡಿದ್ರಾ ಅಮ್ಮ?" ಎಂದರು. "ಕಡಿಮೆ ಹೀರುವ ದೇಹ. ನುಂಗಿದ್ದರಲ್ಲಿ ಅರ್ಧ ಮಾತ್ರ ರಕ್ತಕ್ಕೆ ಸೇರ್ತಾ ಇದೆ."

"ಗುಳಿಗೆ ನುಂಗೋದು ಮರೀತಾ ಇರಬಹುದಲ್ವಾ ಸರ್?"

"ಆಕೆಯ ಮನೆಯಲ್ಲಿ ನಾವು ಕೊಟ್ಟ ಗುಳಿಗೆ ಪೆಟ್ಟಿಗೆ ಇದೆಯಲ್ಲ. ಬೆರಳಿಟ್ಟರೆ ತೆರೆಯುತ್ತೆ, ಒಂದು ಗುಳಿಗೆ ಕೊಟ್ಟು ಮುಚ್ಚಿಕೊಳ್ಳುತ್ತೆ. ಒಂದು ದಿನವೂ ತಪ್ಪಿಲ್ಲ."

"ಬೇಗ ಅರಗಿಸಿಕೊಳ್ಳೋ ದೇಹ ಇರಬಹುದಾ?"

"ಅದನ್ನ ನೀವೇ ನೋಡಿ ಹೇಳಿ. ಪರೀಕ್ಷೆ ನಿಮ್ಮದು," ಎಂದು ಷರೀಫರು ನಕ್ಕರು.

ಅವಳು ನೋಡಿದಳು. ಒಲೆಯಲ್ಲಿ ಸೌದೆ ಬೇಗ ಉರಿದರೆ ಬೂದಿ ಬೇಗ ತುಂಬಬೇಕು. ದೇಹ ಗುಳಿಗೆಯನ್ನು ಬೇಗ ಅರಗಿಸಿದರೆ ಅರಗಿ ಉಳಿದ ಚೂರುಗಳು ರಕ್ತದಲ್ಲಿ ಹೆಚ್ಚಿರಬೇಕು. ಹೊಂಗೆಮ್ಮನಲ್ಲಿ ಬೂದಿಯೂ ಅರ್ಧವೇ ಇತ್ತು. ಅಂದರೆ ಉರಿ ಹೆಚ್ಚಿಲ್ಲ, ಒಲೆಗೆ ಬಿದ್ದ ಸೌದೆಯೇ ಅರ್ಧ. ಯಂತ್ರ ಹೇಳಿದ್ದು ಸರಿ ಎನ್ನಿಸಿತು. ಹೀರಿಕೊಳ್ಳದ ದೇಹಕ್ಕೆ ಪ್ರಮಾಣ ಏರಿಸುವುದೇ ದಾರಿ. ಇವಳಿಗಿಂತ ಹಿಂದೆ ಹೊಂಗೆಯನ್ನು ನೋಡಿಕೊಂಡ ಇಬ್ಬರೂ ಅದನ್ನೇ ಮಾಡಿದ್ದರು, ಚೂರು ಚೂರೇ ಏರಿಸಿ ಪಾಸಾಗಿ ಹೋಗಿದ್ದರು. ಆದರೆ ಪ್ರತಿ ಸಲ ಏರಿಸಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ಸರಿಯಾಗಿ ಅರ್ಧ. ಕಾಲು ಅಲ್ಲ, ಮುಕ್ಕಾಲೂ ಅಲ್ಲ.

ಹೊಟ್ಟೆ ಇಷ್ಟು ಅಚ್ಚುಕಟ್ಟಾಗಿ ಪಾಲು ಮಾಡುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

"ಯೋಚನೆ ಮಾಡ್ತೀನಿ ಸರ್," ಎಂದು ಎದ್ದಳು.

"ಶಿವರಾತ್ರಿ ಆದ ಮೇಲೆ ಕೊನೆಯ ಬೈಠಕ್ಕು. ಬಹಳ ಯೋಚಿಸಬೇಡಿ. ಅಂಕಿ ಅಷ್ಟು ಕೆಳಗಿದ್ರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತೆ. ನೆರಳಿಗಲ್ಲ, ನಿಜವಾದ ಹೆಂಗಸಿಗೆ."

ಬಸ್ಸಿನಲ್ಲಿ ಬರುವಾಗ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

*

ಮಾರನೆಯ ದಿನ ಭಾನುವಾರ. ಗಂಡ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದ. ದಾಕ್ಷಾಯಿಣಿ ಹಿತ್ತಿಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದಳು. ಜಗಲಿಯಲ್ಲಿ ಅತ್ತೆಯೂ ಪಕ್ಕದ ಮನೆಯ ದುಂಡಮ್ಮನೂ ಎಲೆಅಡಿಕೆ ಹರವಿಕೊಂಡು ಕೂತಿದ್ದರು. ಚೆನ್ನಾಜಮ್ಮನ ಕೈಯಲ್ಲಿ ಅಡಕತ್ತರಿ. ಅದರ ಬಾಯಲ್ಲಿ ಅಡಿಕೆಯಲ್ಲ, ಬಿಳಿಯದೇನೋ ಇತ್ತು. ಕಟಕ್ ಎಂದಿತು. ಎರಡು ಹೋಳು. ಒಂದು ಚೆನ್ನಾಜಮ್ಮನ ಬಾಯಿಗೆ, ಇನ್ನೊಂದು ದುಂಡಮ್ಮನ ಅಂಗೈಗೆ.

"ಅತ್ತೆ! ಅದು ಮಂಡಿ ನೋವಿನ ಗುಳಿಗೆಯಲ್ವಾ?"

ಇಬ್ಬರೂ ಮಜ್ಜಿಗೆ ಕದ್ದು ಸಿಕ್ಕಿಬಿದ್ದ ಬೆಕ್ಕುಗಳ ಹಾಗೆ ಕೂತರು. ದುಂಡಮ್ಮ ಬೇಗನೆ ನುಂಗಿ ನೀರು ಕುಡಿದಳು.

"ಅವ್ಳ್ಗೂ ಮಂಡಿನೇ ಕನವ್ವ ನೋಯ್ತಿರಾದು," ಎಂದರು ಚೆನ್ನಾಜಮ್ಮ. "ನಂದೂ ಮಂಡಿ, ಅವ್ಳ್ದೂ ಮಂಡಿ. ಎದುರ್ಗೆ ಕುಂತವಳನ್ನ ಬುಟ್ಟು ನಾನೊಬ್ಳೇ ಹೆಂಗ್ ನುಂಗ್ಲಿ? ಎಲೆಅಡ್ಕೆ ಕೊಡದೆ ತಿನ್ನಕಾದದಾ?"

"ಎಷ್ಟು ದಿನದಿಂದ?"

"ದಿನಾಲೂವೆ," ಎಂದಳು ದುಂಡಮ್ಮ ತಲೆ ತಗ್ಗಿಸಿ. "ನಿಮ್ಮತ್ತೆ ತಪ್ಪಿಲ್ಲ ದಾಕ್ಷಾಯಣಮ್ಮ. ನಾನು ಆಸ್ಪತ್ರೆಗೆ ಬಂದ್ರೆ ಸೊಸೆ ಕೆಲ್ಸ ಬುಟ್ಟು ಜೊತೆಗೆ ಬರ್ಬೇಕು. ಅವ್ಳು ಮಕ ಊದಿಸ್ತಾಳೆ. ಅರ್ಧ ಗುಳ್ಗೇಲೇ ನಡ್ಕಂಡೋಯ್ತದೆ."

ದಾಕ್ಷಾಯಿಣಿಗೆ ಸಿಟ್ಟು ಬಂತು. ದಿನಾ ಬೆಳಗ್ಗೆ ಕೈಯಾರೆ ಗುಳಿಗೆ ತೆಗೆದಿಟ್ಟು ಹೋಗುವವಳು ತಾನೇ. ಸಂಜೆ ತಟ್ಟೆ ಖಾಲಿ. ಖಾಲಿ ತಟ್ಟೆ ನೋಡಿ, 'ಅತ್ತೆ ನುಂಗಿದರು' ಎಂದುಕೊಂಡವಳೂ ತಾನೇ. ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತಳು.

"ಯಾಕವ್ವ ಗರ ಬಡ್ದಂಗೆ ನಿಂತ್ಕಂಡೆ? ಬಯ್ಯಾದಾದ್ರೆ ಬಯ್ದು ಮುಗ್ಸು, ನನ್ಗೂ ಕೆಲ್ಸ ಅದೆ."

"ಅತ್ತೆ, ಒಂದು ದಿನಾನೂ ನೀವು ಪೂರ್ತಿ ಗುಳಿಗೆ ನುಂಗಿಲ್ವಾ?"

"ನುಂಗ್ದೆ ಏನು? ದೀಪಾವಳಿಗೆ ದುಂಡಿ ಮಾದಪ್ಪನ ಬೆಟ್ಟಕ್ಕೆ ಹೋಗಿದ್ಲಲ್ಲ, ಮಗಳ ಮನೇಲಿ ಉಳ್ಕಂಡು ವಾರ ಕಳ್ದು ಬಂದ್ಲು. ಅವಾಗ ಪೂರ್ತಿ ನುಂಗ್ದೆ. ಹೊಟ್ಟೆ ಉರ್ದೋಗದು. ಇವ್ಳು ಬಂದಮೇಕೇ ತಣ್ಗಾದದ್ದು."

ದಾಕ್ಷಾಯಿಣಿ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು. ಹೊಂಗೆಮ್ಮನ ಮನೆ ಎಲ್ಲಿದೆಯೋ, ಆಕೆ ಬೀದರಿನವಳೋ ಕಾರವಾರದವಳೋ ಅವಳಿಗೆ ಗೊತ್ತಿರಲಿಲ್ಲ. ಆದರೆ ಆಕೆಯ ಜಗಲಿ ಈಗ ಕಣ್ಣಿಗೆ ಕಟ್ಟಿತು. ಅಲ್ಲೂ ಎದುರಿಗೆ ಯಾರೋ ಕೂತಿದ್ದಾರೆ. ಅಲ್ಲೂ ಕಟಕ್ ಎನ್ನುತ್ತಿದೆ.

ಅದರ ಹಿಂದೆಯೇ ಹೆದರಿಕೆ ಬಂತು. ಮಂಡಿ ನೋವಿನ ಗುಳಿಗೆ ಪೂರ್ತಿ ನುಂಗಿದರೆ ಹೊಟ್ಟೆ ಉರಿಯುತ್ತದೆ, ಅಷ್ಟೇ. ಹೊಂಗೆಮ್ಮನದು ರಕ್ತದ ಗುಳಿಗೆ. ಅರ್ಧಕ್ಕೆ ಸರಿಹೊಂದುವಂತೆ ಪ್ರಮಾಣ ಏರಿಸಿಟ್ಟರೆ, ಆ ಇನ್ನೊಬ್ಬಳು ಊರಿಗೆ ಹೋದ ವಾರ ಹೊಂಗೆಮ್ಮ ಇಡೀ ಗುಳಿಗೆ ನುಂಗುತ್ತಾಳೆ. ಒಸಡಿನಲ್ಲಿ, ಮೂಗಿನಲ್ಲಿ, ತಲೆಯೊಳಗೆ, ಎಲ್ಲಿ ಬೇಕಾದರೂ ರಕ್ತ ಸುರಿಯಬಹುದು. ಏರಿಸದೆ ಬಿಟ್ಟರೆ ಕವಾಟ ಕಟ್ಟಿಕೊಳ್ಳುತ್ತದೆ. ಲೆಕ್ಕಕ್ಕೇ ಬಾರದ ಆ ಇನ್ನೊಬ್ಬಳ ಗತಿ ದೇವರಿಗೇ ಗೊತ್ತು. ಅತ್ತ ದರಿ, ಇತ್ತ ಪುಲಿ. ಇದಕ್ಕೆ ಗುಳಿಗೆಯಲ್ಲಿ ಉತ್ತರವಿಲ್ಲ. ಒಂದು ಮಾತು ಕೇಳಬೇಕು, ಅಷ್ಟೇ. ಕೇಳಕೂಡದೆಂದೇ ಮಂಡಳಿಯ ಮೊದಲ ನಿಯಮ.

ಸೋಮವಾರ ಆಸ್ಪತ್ರೆಯಲ್ಲಿ ಜನ ಕರಗಿದ ಮೇಲೆ ಅವಳು ಒಂದು ಹಾಳೆ ತೆಗೆದುಕೊಂಡು ಹೊಂಗೆಮ್ಮನಿಗೆ ಬರೆದಳು. ಫೋನಿನಲ್ಲಿ ಮಾತು ಕಳಿಸಿದರೆ ದನಿ ಗುರುತಾಗುತ್ತದೆ, ನಿಯಮ ಇನ್ನೂ ಕೆಡುತ್ತದೆ. ಕಾಗದವಾದರೆ ಮಂಡಳಿಯೇ ಓದಿ, ಒಪ್ಪಿದರೆ ಕಳಿಸಬಹುದು ಎಂದು ಅವಳ ಲೆಕ್ಕಾಚಾರ. ಮಂಡಳಿಗೆ ಅನುಮತಿ ಕೇಳಿದಳು. 'ನೆರಳಿನ ಒಡೆಯರೊಡನೆ ಯಾವ ಬಗೆಯ ಸಂಪರ್ಕಕ್ಕೂ ಅವಕಾಶವಿಲ್ಲ' ಎಂದು ಒಂದೇ ಸಾಲಿನ ಉತ್ತರ ಬಂತು. ಕಾಗದವನ್ನು ಮಡಿಸಿ ಮಾದಪ್ಪನ ಪಟದ ಹಿಂದೆ ಸಿಕ್ಕಿಸಿದಳು.

ಧೂಳು ಹೊಡೆಯುವಾಗ ಅದು ಚೆನ್ನಾಜಮ್ಮನ ಕೈಗೆ ಸಿಕ್ಕಿತು.

"ಯಾರ್ಗವ್ವ ಕಾಗ್ದ? ಗಂಡ ಮನೇಲಿರಂಗೇ?"

"ಹೊಂಗೆಮ್ಮಂಗೆ ಅತ್ತೆ. ಕಳ್ಸಂಗಿಲ್ಲ ಅಂದವ್ರೆ."

"ಓದು, ಕೇಳನ."

ದಾಕ್ಷಾಯಿಣಿ ಓದಿದಳು. 'ನೀವು ಗುಳಿಗೆಯನ್ನು ಬೇರೆಯವರೊಂದಿಗೆ ಹಂಚಿಕೊಳ್ಳುತ್ತಿರುವುದು ಅಪಾಯಕಾರಿ' ಎಂದು ಶುರುವಾಗಿತ್ತು. ಚೆನ್ನಾಜಮ್ಮ ಅಲ್ಲಿಗೇ ಕೈ ಅಡ್ಡ ಹಿಡಿದರು.

"ಇಂಗ್ ಬರುದ್ರೆ ನಾನಾದ್ರೆ ಒಲೆಗೆ ಹಾಕ್ತೀನಿ. ನೀನು ಅವತ್ತು ಬಾಗ್ಲಲ್ಲಿ ನಿಂತು ಕಣ್ ಬುಟ್ಟೆ ನೋಡು, ನಾವಿಬ್ರೂ ಗಡಗಡ ಅಂದೋದೊ. ನೀನು ಬಯ್ದಿದ್ರೆ ಮಾರ್ನೇ ದಿನದಿಂದ ಕದ್ದು ತಿಂತಿದ್ದೊ. ಬಯ್ಯಾಕಿಲ್ಲ ಅಂತ ಮೊದ್ಲು ಬರಿ. ಮಿಕ್ಕಿದ್ದು ಆಮೇಕೆ."

ಆ ವಾರವೇ ದಾಕ್ಷಾಯಿಣಿ ದುಂಡಮ್ಮನನ್ನು ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಸೊಸೆ ರಜೆ ಹಾಕಬೇಕಾಗಲಿಲ್ಲ. ದುಂಡಮ್ಮನ ನೋವು ಮಂಡಿಯದೇ ಅಲ್ಲ, ಸೊಂಟದ ನರದ್ದು ಎಂದು ತಿಳಿಯಿತು. ಅವಳಿಗೆ ಬೇರೆಯೇ ಗುಳಿಗೆ ಬಂತು. ಮೊದಲ ದಿನ ಅದನ್ನೂ ಅಡಕತ್ತರಿಗೆ ಕೊಡಲು ಹೋದಳಂತೆ. ಚೆನ್ನಾಜಮ್ಮ, "ನಂದು ನಂಗೆ, ನಿಂದು ನಿಂಗೆ. ಎಲೆಅಡ್ಕೆ ಮಾತ್ರ ಇಬ್ರುದ್ದೂ," ಎಂದು ತಡೆದರಂತೆ.

*

ಕೊನೆಯ ಬೈಠಕ್ಕಿನ ದಿನ ಗಾಜಿನ ಕೋಣೆಯಲ್ಲಿ ಹೊಂಗೆಮ್ಮನ ಆಕೃತಿ ಎಂದಿನಂತೆ ಮಲಗಿತ್ತು. ತೆರೆಯ ಮೇಲೆ ನಾಲ್ಕು ಉತ್ತರಗಳಿದ್ದವು: ಪ್ರಮಾಣ ಏರಿಸಿ, ಇಳಿಸಿ, ಇದ್ದಂತೆ ಇಡಿ, ಔಷಧಿ ಬದಲಿಸಿ. ಯಾವುದನ್ನು ಒತ್ತಿದರೆ ಪಾಸು ಎಂಬುದು ಇಬ್ಬರಿಗೂ ಗೊತ್ತಿತ್ತು.

"ಒತ್ತಿ ಅಮ್ಮ," ಎಂದರು ಷರೀಫರು. ದನಿಯಲ್ಲಿ ಬೇಡಿಕೆಯಿತ್ತು. "ಸ್ವಲ್ಪವೇ ಏರಿಸಿ. ನಿಮ್ಮ ಕೋಣೆಯ ಬೀಗ ತೆಗೆಯಿರಿ. ಆಮೇಲೆ ಬೇಕಾದ ಹಾಗೆ ವಾದ ಮಾಡೋಣ."

"ಆಕೆ ಗುಳಿಗೆ ಪಾಲು ಮಾಡ್ತಾ ಇದ್ದಾರೆ ಸರ್. ಪಾಲುದಾರಳು ಊರಲ್ಲಿಲ್ಲದ ದಿನ ಈ ಪ್ರಮಾಣ ಆಕೆಯನ್ನ ಕೊಲ್ಲುತ್ತೆ."

"ಪುರಾವೆ?"

"ನಮ್ಮತ್ತೆ."

ಷರೀಫರು ನಗಲಿಲ್ಲ. ಆದರೆ ಯಂತ್ರಕ್ಕೆ ಅತ್ತೆಯನ್ನು ಕೊಡುವುದು ಹೇಗೆ ಎಂದು ಅವರಿಗೂ ಹೊಳೆಯಲಿಲ್ಲ. ಹೊತ್ತು ಮೀರಿತು. ತೆರೆಯ ಮೇಲೆ 'ಉತ್ತರವಿಲ್ಲ' ಎಂದು ಮೂಡಿ ಹೊಂಗೆಮ್ಮನ ಆಕೃತಿ ಮಂಕಾಯಿತು. ಎರಡು ವರ್ಷದ ಓದು ಅಷ್ಟರಲ್ಲಿ ಮುಗಿಯಿತು. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಚೀಲ ಹೆಗಲಿಗೆ ಹಾಕಿದಳು.

"ಬರಿ ಹೊಟ್ಟೇಲಿ ಬಸ್ಸು ಹತ್ತಬೇಡಿ. ಕಾಫಿ ಕುಡಿದು ಹೋಗಿ," ಎಂದರು ಷರೀಫರು.

ಕ್ಯಾಂಟೀನಿನಲ್ಲಿ ಅವರು ಅಭ್ಯಾಸಬಲದಿಂದ ಎರಡು ಬೆರಳೆತ್ತಿ, "ಒಂದು ಬೈಟು," ಎಂದು ಕೂಗಿದರು. ಹುಡುಗಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ ತಂದಿಟ್ಟು, ಬಿಲ್ಲಿನ ಚೀಟಿಯನ್ನು ಷರೀಫರ ಮುಂದೆ ಸರಿಸಿದಳು.

ದಾಕ್ಷಾಯಿಣಿ ಲೋಟ ಎತ್ತಲಿಲ್ಲ. ಚೀಟಿಯನ್ನೇ ನೋಡುತ್ತಿದ್ದಳು.

"ಸರ್, ಇದರಲ್ಲಿ ಎಷ್ಟು ಕಾಫಿ ಅಂತ ಇದೆ?"

"ಒಂದು."

"ಈ ಚೀಟಿ ನೋಡಿದವರು ನೀವು ಎಷ್ಟು ಕುಡಿದಿರಿ ಅಂತಾರೆ?"

"ಒಂದು ಅಂತಾರೆ…" ಷರೀಫರ ಲೋಟ ತುಟಿಯ ಹತ್ತಿರವೇ ನಿಂತಿತು.

"ಪೆಟ್ಟಿಗೆ ಬಿಲ್ಲಿನ ಹಾಗೆ ಸರ್. ಬಿಲ್ಲೆ ನಿಮ್ಮ ಹೊಟ್ಟೆಯ ಹಾಗೆ. ಎರಡೂ ಸುಳ್ಳು ಹೇಳ್ತಿಲ್ಲ. ಮಧ್ಯದಲ್ಲಿ ಇನ್ನೊಂದು ಲೋಟ ಇದೆ, ಅದು ಯಾರ ಲೆಕ್ಕದಲ್ಲೂ ಇಲ್ಲ."

ಷರೀಫರು ಲೋಟ ಕೆಳಗಿಟ್ಟು ಚೀಟಿಯನ್ನು ಕೈಗೆತ್ತಿಕೊಂಡರು. ಜೀವಮಾನದಲ್ಲಿ ಎಷ್ಟು ಬೈಟು ಕುಡಿದಿದ್ದರೋ. ಪೂರ್ತಿ ಲೋಟ ಕುಡಿದ ದಿನ ಎಂದರೆ ಜೊತೆಗೆ ಯಾರೂ ಇಲ್ಲದ ದಿನ ಮಾತ್ರ.

"ನಮ್ಮ ಅಬ್ಬಾ ಕಣ್ಣಿನ ಔಷಧಿಯನ್ನ ಪಕ್ಕದ ಅಂಗಡಿಯ ಶೆಟ್ಟರಿಗೂ ಹಾಕ್ತಿದ್ದರು," ಎಂದರು ಕೊನೆಗೆ. "ಒಂದೇ ಶೀಶೆ. ಮುಗಿಯೋದು ಬೇಗ. ಡಾಕ್ಟರು, 'ಚೆಲ್ತೀರಾ ಸಾಹೇಬ್ರೇ' ಅಂತ ಬಯ್ತಿದ್ದರು. ನಾನು ಔಷಧಿ ಓದಿದವನು, ಮನೆಯಲ್ಲೇ ಇದ್ದೆ. ಇದು ನನಗೆ ಯಾಕೆ ಹೊಳೀಲಿಲ್ಲ?"

"ಸರ್, ಒಂದು ಉಪಕಾರ ಮಾಡಿ. ಹೊಂಗೆಮ್ಮನ ಮಟ್ಟ ಪೂರ್ತಿ ಏರಿದ ದಿನ ಯಾವುದಾದರೂ ಇದೆಯಾ, ನೋಡ್ತೀರಾ? ಬಹುಶಃ ಹಬ್ಬದ ಸುತ್ತಮುತ್ತ."

"ಅಂಥದ್ದಿದ್ರೆ ನಿಮ್ಮ ತೆರೆಯ ಮೇಲೇ ಬರ್ತಿತ್ತಲ್ಲ."

"ಯಂತ್ರ ನಂಬದೆ ಬದಿಗಿಟ್ಟಿದ್ರೆ?"

ಕಾಫಿ ಅಲ್ಲೇ ಆರಿತು. ನಿಯಂತ್ರಣ ಕೊಠಡಿಯಲ್ಲಿ ಷರೀಫರು ಬದಿಗಿಟ್ಟ ದಿನಗಳ ಕಡತ ತೆರೆದರು. ಬಿಲ್ಲೆ ಒದ್ದೆಯಾದರೆ, ಕಿತ್ತುಬಂದರೆ ಅಂಕಿ ಹುಚ್ಚುಹುಚ್ಚಾಗಿ ಬರುತ್ತದೆ. ಅಂಥವನ್ನು ಯಂತ್ರ 'ಬಿಲ್ಲೆ ದೋಷ' ಎಂದು ತೆಗೆದಿಡುತ್ತದೆ. ಹೊಂಗೆಯ ಹೆಸರಿನಲ್ಲಿ ಅಂಥ ದಿನಗಳು ಗುಂಪುಗುಂಪಾಗಿದ್ದವು. ಗೌರಿ ಹಬ್ಬದ ಹೊತ್ತಿಗೆ ಒಂದು ಗುಂಪು, ಸಂಕ್ರಾಂತಿಗೆ ಒಂದು. ಪ್ರತಿ ಸಲವೂ ಗುಳಿಗೆಯ ಅಂಶ ಮೆಲ್ಲಗೆ ಮೆಟ್ಟಿಲು ಹತ್ತಿದ ಹಾಗೆ ಏರಿ ಇಮ್ಮಡಿಯ ಹತ್ತಿರ ಬಂದು, ಹಾಗೇ ಮೆಲ್ಲಗೆ ಅರ್ಧಕ್ಕೆ ಇಳಿದಿತ್ತು. ಪೆಟ್ಟಿಗೆಯಿಂದ ಹೋದದ್ದು ಅದೇ ಒಂದು ಗುಳಿಗೆ. ಅದೇ ಗುಳಿಗೆಯಿಂದ ಇಮ್ಮಡಿ ಬರಲು ಕಾರಣ ಕಾಣದೆ ಯಂತ್ರ ಬಿಲ್ಲೆಯ ಮೇಲೆ ತಪ್ಪು ಹೊರಿಸಿತ್ತು.

"ಕೆಟ್ಟ ಬಿಲ್ಲೆ ಕುಣಿದಾಡುತ್ತೆ," ಎಂದರು ಷರೀಫರು ಮೆಲ್ಲಗೆ. "ಹೀಗೆ ಶಿಸ್ತಾಗಿ ಹತ್ತಿ ಇಳಿಯೋದಿಲ್ಲ."

"ಹೀರದ ಹೊಟ್ಟೆ ಹಬ್ಬ ಬಂತು ಅಂತ ಹೀರೋದೂ ಇಲ್ಲ ಸರ್. ಆಕೆಯ ಹೊಟ್ಟೆ ಚೆನ್ನಾಗಿಯೇ ಇದೆ. ಆ ದಿನಗಳಲ್ಲಿ ಆ ಇನ್ನೊಬ್ಬಳು ಊರಲ್ಲಿರಲಿಲ್ಲ."

ಷರೀಫರು ಸಂಕ್ರಾಂತಿಯ ಮೆಟ್ಟಿಲಿನ ತುದಿಯ ಮೇಲೆ ಬೆರಳಿಟ್ಟರು. ಈಗಿನ ಪ್ರಮಾಣಕ್ಕೇ ಅದು ಅಪಾಯದ ಗೆರೆಯನ್ನು ಮುಟ್ಟಿ ಬಂದಿತ್ತು. ಇನ್ನು ಒಂದು ಚೂರು ಏರಿಸಿದ್ದರೆ ಯುಗಾದಿಗೆ ದಾಟುತ್ತಿತ್ತು.

"ನಾನೇ ಒತ್ತಿ ಅಂದೆನಲ್ಲ ಅಮ್ಮ," ಎಂದು ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು 'ಕಡಿಮೆ ಹೀರುವ ದೇಹ' ಎಂಬ ಹಣೆಪಟ್ಟಿಯಿರುವ ಉಳಿದ ನೆರಳುಗಳನ್ನೂ ಕರೆದರು. ನೇರಳೆ, ಹುಣಸೆ, ಬನ್ನಿ, ಅತ್ತಿ. ತೆರೆ ತುಂಬ ಮರಗಳು. ಬಹುಪಾಲು ಹೆಂಗಸರು. ಅನೇಕರಲ್ಲಿ ಅದೇ ಅರ್ಧ. ಬನ್ನಿಯದು ಮೂರನೆಯ ಒಂದು ಭಾಗ.

"ಇಲ್ಲಿ ಮೂವರು ಕೂತಿದ್ದಾರೆ," ಎಂದಳು ದಾಕ್ಷಾಯಿಣಿ. ಅಷ್ಟು ದುಃಖದಲ್ಲೂ ಅವಳಿಗೆ ನಗು ಬಂತು. ಷರೀಫರೂ ನಕ್ಕರು.

*

ಮಂಡಳಿ ಸಭೆ ಸೇರಿತು, ಮುಂದೂಡಿತು, ಮತ್ತೆ ಸೇರಿತು. ಯುಗಾದಿಯ ಬೇವುಬೆಲ್ಲ ತಿಂದು ಎರಡು ದಿನಕ್ಕೆ ಷರೀಫರ ಫೋನು ಬಂತು. ದಾಕ್ಷಾಯಿಣಿಯ 'ಉತ್ತರವಿಲ್ಲ' ಎಂಬುದನ್ನು ತಡೆಹಿಡಿದಿದ್ದರು. ಹೊಂಗೆಯ ಪ್ರಮಾಣ ಏರಿಸುವುದನ್ನು ನಿಲ್ಲಿಸಿದ್ದರು. ಕಾಗದ ಹೋಗಬಹುದು, ಒಂದೇ ಒಂದು. ಅದಕ್ಕೆ ಉತ್ತರ ಬಂದು, ಆ ಇನ್ನೊಬ್ಬರು ಸಿಕ್ಕಿ, ಹೊಂಗೆಯ ಅಂಕಿ ಸರಿಹೋದರೆ ಪಾಸು. ಬಾರದಿದ್ದರೆ 'ಉತ್ತರವಿಲ್ಲ' ಎಂಬುದೇ ನಿಲ್ಲುತ್ತದೆ.

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗಾಯ್ತಲ್ಲ," ಎಂದರು ಚೆನ್ನಾಜಮ್ಮ.

"ದೀಪ ಇಟ್ಟವ್ರಲ್ಲ ಅತ್ತೆ, ಸಾಕು."

ಮಾದಪ್ಪನ ಪಟದ ಹಿಂದಿನ ಹಾಳೆಯನ್ನು ತೆಗೆದು ಅವಳು ಅಡುಗೆಮನೆಯಲ್ಲೇ ಕೂತು ಹೊಸದಾಗಿ ಬರೆದಳು. ಚೆನ್ನಾಜಮ್ಮನೂ ದುಂಡಮ್ಮನೂ ಎದುರಿಗೆ ಕೂತು ಪ್ರತಿ ಸಾಲಿಗೂ ಬಾಯಿ ಹಾಕಿದರು. 'ಪ್ರಮಾಣ' ಎಂದರೆ ಯಾರಿಗೆ ಗೊತ್ತು ಎಂದು ದುಂಡಮ್ಮ ಆ ಪದ ಹೊಡೆಸಿದಳು. ಜೊತೆಗೆ ಬರಲು ಆಳಿಲ್ಲದಿದ್ದರೆ ಏನು ಮಾಡಬೇಕೆಂದು ಬರೆಸಿದವಳೂ ಅವಳೇ. ಕೊನೆಗೆ ಉಳಿದದ್ದು ಇಷ್ಟು:

'ಅಮ್ಮಾ, ಈ ಕಾಗದ ಬಯ್ಯುವುದಕ್ಕಲ್ಲ. ನಿಮ್ಮ ಗುಳಿಗೆಯಲ್ಲಿ ಅರ್ಧ ಇನ್ನೊಬ್ಬರಿಗೆ ಕೊಡುತ್ತಿದ್ದೀರಿ ಎಂದು ನನಗೆ ಅನ್ನಿಸಿದೆ. ನಮ್ಮ ಮನೆಯಲ್ಲೂ ಹೀಗೇ ಕೊಡುತ್ತಿದ್ದರು. ಕೊಡುವ ಮನಸ್ಸು ದೊಡ್ಡದು. ಆದರೆ ಈ ಗುಳಿಗೆ ಅರ್ಧವಾದರೂ ಕೆಡುಕು, ಅವರಿಲ್ಲದ ದಿನ ಇಡಿಯಾದರೂ ಕೆಡುಕು. ಇದನ್ನು ತಂದ ಅಂಚೆಯವರ ಕೈಲಿ ಉತ್ತರ ಕಳಿಸಿ, ಇಲ್ಲವೇ ನಿಮ್ಮ ಡಾಕ್ಟರ ಹತ್ತಿರ ನಿಜ ಹೇಳಿ. ಆ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ. ಜೊತೆಗೆ ಬರಲು ಯಾರೂ ಇಲ್ಲದಿದ್ದರೆ ಆಸ್ಪತ್ರೆಯವರೇ ಬಂದು ಕರೆದೊಯ್ಯುತ್ತಾರೆ, ಅದನ್ನು ನಾನು ಕೇಳಿ ಒಪ್ಪಿಸಿದ್ದೇನೆ. ಅವರಿಗೆ ಏನು ಬೇಕೋ ಅದನ್ನು ಅವರ ಹೆಸರಿನಲ್ಲೇ ಕೊಡುತ್ತಾರೆ. ಎಲೆಅಡಿಕೆ ಮಾತ್ರ ಹಂಚಿಕೊಳ್ಳಿ. ಇತಿ, ನಿಮ್ಮನ್ನು ನೋಡದಿದ್ದರೂ ದಿನಾ ಸಂಜೆ ನೆನೆಯುವ ಒಬ್ಬಳು.'

"ಈಗ ಬರುದ್ದೆ ನೋಡು," ಎಂದರು ಚೆನ್ನಾಜಮ್ಮ. "ಇದ್ನ ಒಲೆಗೆ ಹಾಕಾಕೆ ಕೈ ಬರಾಕಿಲ್ಲ."

ಮೈಸೂರಿನಲ್ಲಿ ಷರೀಫರು ಕಾಗದ ಓದಿ ಲಕೋಟೆಗೆ ಹಾಕಿ ಅಂಟಿಸಿ ಮಂಡಳಿಯ ಮುದ್ರೆ ಒತ್ತಿದರು. ಆಮೇಲೆ ಗೋಡೆಯ ಕಡೆ ತಿರುಗಿ, ಬೆನ್ನನ್ನೇ ಮರೆ ಮಾಡಿಕೊಂಡು ವಿಳಾಸ ಬರೆದರು. ಬರೆದದ್ದನ್ನು ಮಗುಚಿ ಅವಳ ಮುಂದೆ ಹಿಡಿದರು.

"ಜವಾನನ ಕೈಲಿ ಕಳಿಸಬಹುದು. ಆದರೆ ನೀವೇ ಹಾಕಿದರೆ ಚೆನ್ನ ಅನ್ನಿಸ್ತು."

"ನಾನು ತಿರುಗಿಸಿ ನೋಡಿಬಿಟ್ರೆ ಸರ್?"

"ನೋಡೋರಾಗಿದ್ದರೆ ಅವತ್ತೇ ಗುಂಡಿ ಒತ್ತಿ ಮನೆಗೆ ಹೋಗ್ತಿದ್ದಿರಿ," ಎಂದರು ಅವರು.

ಕೇಂದ್ರದ ಗೇಟಿನ ಹತ್ತಿರ ಕೆಂಪು ಡಬ್ಬಿ ಇತ್ತು. ದಾಕ್ಷಾಯಿಣಿ ಲಕೋಟೆಯನ್ನು ಎದೆಗೆ ಒತ್ತಿ ಹಿಡಿದು ನಡೆದಳು. ವಿಳಾಸದ ಮಗ್ಗುಲು ಒಳಗಿತ್ತು. ಆಕೆಯ ನಿಜವಾದ ಹೆಸರು, ಊರು, ಬೀದಿ ಎಲ್ಲ ಅವಳ ಸೀರೆಗೆ ತಾಗಿಕೊಂಡಿದ್ದವು. ಡಬ್ಬಿಯ ಬಾಯಿಗೆ ಕಾಗದ ಅರ್ಧ ಹೋಯಿತು. ಅವಳು ಒಂದು ಗಳಿಗೆ ಹಾಗೇ ಹಿಡಿದುಕೊಂಡು ನಿಂತಳು. ಮುರಿದ ಕುರ್ಚಿಗಳು ನೆನಪಾದವು. ಎಲ್ಲೋ ಒಂದು ಜಗಲಿಯಲ್ಲಿ ಅಂಗೈ ಚಾಚಿ ಕೂತ ಹೆಸರಿಲ್ಲದ ಹೆಂಗಸೂ ನೆನಪಾದಳು.

ಆಮೇಲೆ ಉಳಿದರ್ಧವನ್ನೂ ತಳ್ಳಿದಳು. ಕಾಗದ ಪೂರ್ತಿ ಒಳಗೆ ಬಿದ್ದ ಸದ್ದು ಕೇಳಿಸಿತು.